ಸ್ಕೂಟರಿನ ಕೀ ನಮ್ಮ ಕೈಗೆ ಬಂದದ್ದು

ಈಗ ಕುಟ್ಟ ಪೇಟೇಲಿ ಹೆಂಗಸರು ಸ್ಕೂಟರ್ ನಿಲ್ಸಿ ಸಾಮಾನು ತಗೊಂಡ್ರೆ ಯಾರೂ ತಿರುಗಿ ನೋಡಲ್ಲ. ನಾನು ಮದುವೆಯಾಗಿ ಬಂದಾಗ ಹಾಗಿರಲಿಲ್ಲ.

ಆಗ ಸ್ಕೂಟರ್ ಅಂದ್ರೆ ಬಜಾಜ್ ಚೇತಕ್. 1972ರಲ್ಲಿ ಬಂದ ಗಾಡಿ, ರಾಣಾ ಪ್ರತಾಪನ ಕುದುರೆ ಹೆಸರು. ಒಂದು ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾಯ್ಬೇಕಿತ್ತಂತೆ. ಮುಂದೆ ಕಾಲಿಡೋಕೆ ಜಾಗ ಇತ್ತು, ಸೀರೆಗೇನೂ ಅಡ್ಡಿ ಇರಲಿಲ್ಲ. ಅಡ್ಡಿ ಆಗಿದ್ದು ಎಡಗೈಲಿ ತಿರುಗಿಸೋ ಗೇರು, ಕಾಲಲ್ಲಿ ಒದೆಯೋ ಕಿಕ್ಕು. ಹಾಗಾಗಿ ನಮಗೆ ಹಿಂದಿನ ಸೀಟೇ ಗತಿ.

ಒಂದು ಮಳೆಗಾಲ ಮಗಳಿಗೆ ಜೋರು ಜ್ವರ. ಗಾಡಿ ಅಂಗಳದಲ್ಲೇ ಇತ್ತು, ಓಡಿಸೋರು ಮನೇಲಿರಲಿಲ್ಲ. ಜೀಪಿಗೆ ಕಾದು ಗೋಣಿಕೊಪ್ಪ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಆ ಗಾಡಿ ನೋಡ್ತಾ ಕೂತದ್ದು ಇನ್ನೂ ಮರೆತಿಲ್ಲ.

ಗೇರಿಲ್ಲದ, ಬಟನ್ ಒತ್ತಿದ್ರೆ ಸ್ಟಾರ್ಟ್ ಆಗೋ ಕೈನೆಟಿಕ್ ಹೋಂಡಾ 1984ರಲ್ಲೇ ಬಂದಿತ್ತು. ಆದ್ರೆ ಅದು ನಮ್ಮನೆವರೆಗೆ ಬರಲಿಲ್ಲ. ಆಮೇಲೆ ಸ್ಕೂಟಿ, ಆಕ್ಟಿವಾ ಬಂದ್ವು. ನಾನು ಕಲಿತದ್ದು ನಲವತ್ತು ದಾಟಿದ ಮೇಲೆ, ಕಾಫಿ ಕಣದಲ್ಲಿ. ಕಲಿಸಿದ್ದು ಅದೇ ಮಗಳು! ಎರಡು ಸಲ ಬಿದ್ದೆ, ಮೂರನೇ ವಾರ ಒಬ್ಬಳೇ ಪೇಟೆಗೆ ಹೋಗಿ ಬಂದೆ.

ಚೇತಕ್ ಹೆಸರು 2020ರಲ್ಲಿ ವಾಪಸ್ ಬಂತು, ಕರೆಂಟಿನ ಗಾಡಿಯಾಗಿ. ಈಗ ಅದರಲ್ಲೂ ಗೇರಿಲ್ಲ, ಕಿಕ್ಕಿಲ್ಲ.

ನಮ್ಮದು ಕಾಡಂಚಿನ ರಸ್ತೆ, ಆನೆ ಭಯ ಇದ್ದೇ ಇದೆ. ಬೆಳಕಿರುವಾಗಲೇ ಮನೆ ಸೇರ್ಕೊಳ್ಳಿ, ಹೆಲ್ಮೆಟ್ ಮರೀಬೇಡಿ. ಇನ್ನೂ ಕಲಿಯದವರು ಈ ಬೇಸಿಗೇಲಿ ಕಲಿತುಬಿಡಿ.