ಡೌನ್‌ಲೋಡ್ ಮತ್ತು ಕೃತಿಸ್ವಾಮ್ಯ: ಸುದ್ದಿ ಹೇಳಿದ್ದು, ಕಾನೂನು ಹೇಳುವುದು
ಹಕ್ಕುದಾರರ ಅನುಮತಿಯಿಲ್ಲದೆ ಚಲನಚಿತ್ರ, ಹಾಡು, ಪುಸ್ತಕಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳುವುದೆಂದರೆ ಪ್ರತಿ ಮಾಡಿದಂತೆಯೇ. 1957ರ ಕೃತಿಸ್ವಾಮ್ಯ ಕಾಯಿದೆ ಅದಕ್ಕೆ ಅನ್ವಯಿಸುತ್ತದೆ. ತಿಳಿದೂ ಹಕ್ಕನ್ನು ಉಲ್ಲಂಘಿಸಿದವರಿಗೆ 63ನೇ ಕಲಮಿನ ಪ್ರಕಾರ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಉಂಟು. ಲಾಭದ ಉದ್ದೇಶವಿಲ್ಲದಿದ್ದರೆ ನ್ಯಾಯಾಲಯವು ಕಾರಣ ದಾಖಲಿಸಿ ಶಿಕ್ಷೆಯನ್ನು ತಗ್ಗಿಸಬಹುದು.

2016ರ ಆಗಸ್ಟ್‌ನಲ್ಲಿ, ನಿರ್ಬಂಧಿತ ತಾಣವನ್ನು ನೋಡಿದರೂ 3 ವರ್ಷ ಜೈಲು ಎಂಬ ಸುದ್ದಿ ಮಾಧ್ಯಮಗಳಲ್ಲಿ ಹರಡಿತು. ನೋಡುವುದನ್ನೂ ಹಂಚುವುದನ್ನೂ ಆ ವರದಿಗಳು ಒಂದೇ ತಕ್ಕಡಿಗೆ ಹಾಕಿದ್ದವು. ಕೇವಲ ನೋಡುವುದು ಅಪರಾಧವಲ್ಲ; ಹಕ್ಕುದಾರರಿಗೆ ಹಾನಿಯಾಗುವಂತೆ ಹಂಚುವುದು, ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಪ್ರದರ್ಶಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ ಎಂದು ಮುಂಬಯಿ ಹೈಕೋರ್ಟ್ ಅದೇ ತಿಂಗಳು ಸ್ಪಷ್ಟಪಡಿಸಿತು.

ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಾಗಲಿ, ಹಣ ಪಡೆದು ಮೆಮೊರಿ ಕಾರ್ಡಿಗೆ ಕದ್ದ ಸಿನಿಮಾ ತುಂಬಿಕೊಡುವ ಅಂಗಡಿಕಾರನಿಗೆ ಈ ಮಾತು ನೇರವಾಗಿ ತಟ್ಟುತ್ತದೆ. 63ನೇ ಕಲಮಿನ ಅಪರಾಧ ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪಿತ್ತಿದೆ.

ಹಕ್ಕಿಗೆ ಕಾಲಮಿತಿಯೂ ಉಂಟು. ಸಾಹಿತ್ಯಕೃತಿಗೆ ಅದು ಲೇಖಕರ ಮರಣಾನಂತರ 60 ವರ್ಷ. ಗದುಗಿನ ಕುಮಾರವ್ಯಾಸನ ಭಾರತ ಸರ್ವರ ಸೊತ್ತು. 1971ರಲ್ಲಿ ನಿಧನರಾದ ಹುಯಿಲಗೋಳ ನಾರಾಯಣರಾಯರ ಕೃತಿಗಳಿಗೆ 2031ರ ಅಂತ್ಯದವರೆಗೂ ರಕ್ಷಣೆಯಿದೆ.