ಬೆಂಕಿಪೊಟ್ಟಣದಲ್ಲಿ ಅಮ್ಮನ ಹಾಡು

ನಮ್ಮ ಮನೆಯ ಬೀರುವಿನ ಒಳಖಾನೆಯಲ್ಲಿ, ಬಳೆಯ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಕ್ಯಾಸೆಟ್ ಇದೆ. ಅರವತ್ತು ನಿಮಿಷದ್ದು. ಮೇಲಿನ ಚೀಟಿಯಲ್ಲಿ ಅಣ್ಣನ ಕೈಬರಹದಲ್ಲಿ 'ಅಮ್ಮ, 1986' ಎಂದಷ್ಟೇ ಇದೆ. ಒಡವೆ ಹೋದರೆ ಮತ್ತೆ ಮಾಡಿಸಬಹುದು, ಇದು ಹೋದರೆ ಹೋಯಿತು ಎಂಬ ಹೆದರಿಕೆಯಿಂದ ಎಷ್ಟೋ ವರ್ಷ ಅದನ್ನು ಹಾಕಿ ಕೇಳುವ ಧೈರ್ಯವನ್ನೇ ಮಾಡಿರಲಿಲ್ಲ. ಟೇಪು ಸಿಕ್ಕಿಕೊಂಡು ಕರುಳಿನ ಹಾಗೆ ಹೊರಬಂದಾಗ ಪೆನ್ಸಿಲ್ ತೂರಿಸಿ ತಿರುಗಿಸಿದ ನೆನಪು ನಿಮಗೂ ಇದ್ದೀತು.

ಅಕ್ಕನ ಮದುವೆಗೆ ಮುಂಚಿನ ಮಾತು. ಅಣ್ಣ ಕಂತಿನ ಮೇಲೆ ತಂದ ಟೂ-ಇನ್-ವನ್ನನ್ನು ಹಿತ್ತಿಲ ಜಗುಲಿಯ ಮೇಲಿಟ್ಟು, ಅಡಿಕೆ ಸುಲಿಯುತ್ತಿದ್ದ ಅಮ್ಮನ ಮುಂದೆ ಗುಂಡಿ ಒತ್ತಿದ. "ನನ್ನ ಹಾಡು ಎಂಥದಕ್ಕೋ ಮಾರಾಯ, ಸುಮ್ಮನೆ ಕರೆಂಟು ದಂಡ" ಎನ್ನುತ್ತಲೇ ಅಮ್ಮ ಶುರು ಮಾಡಿದಳು. ಹಸೆಯ ಹಾಡು, ಎಣ್ಣೆಶಾಸ್ತ್ರದ ಹಾಡು, ಆರತಿಯ ಹಾಡು. ತಾಳವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ, ಬರೀ ಒಂಟಿ ಕಂಠ.

2005ರಲ್ಲಿ ಬೆಂಗಳೂರಿನಿಂದ ಬಂದ ಮಗ ನನ್ನ ಕೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪ್ಲೇಯರ್ ಇಟ್ಟ. "ನಿನಗೆ ಬೇಕಾದ ಹಾಡನ್ನು ಕಂಪ್ಯೂಟರಿನಿಂದ ನೀನೇ ಇದಕ್ಕೆ ತುಂಬಿಕೊಳ್ಳಬಹುದಮ್ಮ" ಎಂದ. ನನಗೆ ಬೇಕಾದ ಹಾಡು! ತವರಿನಲ್ಲಿ ರೇಡಿಯೋದ ಕಿವಿ ಅಪ್ಪನ ಕೈಯಲ್ಲಿತ್ತು. ಭದ್ರಾವತಿ ಕೇಂದ್ರದ ಭಾವಗೀತೆ ಅರ್ಧಕ್ಕೆ ಬಂದಾಗ ವಾರ್ತೆಗೆ ತಿರುಗುತ್ತಿತ್ತು. ಗಂಡನ ಮನೆಯಲ್ಲಿ ಅದು ಮಾವನವರ ಕೈಯಲ್ಲಿ, ಆಮೇಲೆ ಮಕ್ಕಳ ಕೈಯಲ್ಲಿ. 1979ರ ಜುಲೈಯಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ಹೊರತಂದು, ಒಬ್ಬರೇ ಕೇಳುವ ಸಂಗೀತಕ್ಕೆ ದಾರಿ ಮಾಡಿತ್ತು. ಆದರೆ ನಮ್ಮೂರಿನಲ್ಲಿ ಕಿವಿಗೆ ಅದನ್ನು ಸಿಕ್ಕಿಸಿಕೊಂಡು ಬಸ್ಸು ಹತ್ತಿದ ಹುಡುಗಿಯನ್ನು ಜನ ನೋಡುತ್ತಿದ್ದ ರೀತಿ ಬೇರೆಯೇ. ಆ ಧೈರ್ಯ ನನಗಿರಲಿಲ್ಲ.

ಅಮ್ಮ ಆಗಲೇ ತೀರಿಕೊಂಡಿದ್ದಳು. ಮೊದಲು ತುಂಬಬೇಕಾದದ್ದು ಅವಳ ಹಾಡೆಂದು ನಿಶ್ಚಯಿಸಿ, ಕ್ಯಾಸೆಟ್ಟನ್ನು ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟೆ. ಮೂರು ದಿನದ ಮೇಲೆ ಹುಡುಗ ಸಿ.ಡಿ. ಕೊಟ್ಟು, "ಗಲಾಟೆ ಎಲ್ಲ ತೆಗೆದು ಕ್ಲೀನ್ ಮಾಡಿದ್ದೀನಿ ಮೇಡಂ" ಎಂದ. ಮನೆಗೆ ಬಂದು ಕೇಳಿದೆ. ಹನ್ನೊಂದು ಹಾಡು, ಒಂದಾದ ಮೇಲೊಂದು, ಅಚ್ಚುಕಟ್ಟು. ಅಮ್ಮ ನಡುವೆ ದನಕ್ಕೆ ಗದರಿದ್ದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಜ್ಜಿ ಇಲ್ಲ. ಹಸೆಯ ಹಾಡಿನ ನಡುವೆ ಒಳಗಿನಿಂದ ಅಜ್ಜಿ "ಆ ಸಾಲು ಹಾಗಲ್ಲ ಕೂಸೇ" ಎಂದು ತಾನೇ ಹೇಳಿಕೊಟ್ಟದ್ದು, ಅಮ್ಮ ತಪ್ಪೊಪ್ಪಿಕೊಂಡು ಹಿಂದಿನ ಸಾಲಿನಿಂದ ಮತ್ತೆ ಎತ್ತಿದ್ದು, ಎಲ್ಲ ಮಾಯ. ಅಜ್ಜಿಯ ಧ್ವನಿ ಈ ಪ್ರಪಂಚದಲ್ಲಿ ಉಳಿದಿರುವುದು ಅದೊಂದೇ ಕಡೆ. ಹುಡುಗನ ಮೇಲೆ ಸಿಟ್ಟು ಬಂತು. ಪಾಪ, ಅವನಿಗೇನು ಗೊತ್ತು.

"ಎಂಪಿ3 ಅಂದರೇನೇ ಬೇಡದ್ದನ್ನು ಎಸೆಯುವುದಮ್ಮ" ಎಂದು ಮಗ ತಮಾಷೆ ಮಾಡಿದ. ಆ ಮಾತು ಹಿಡಿದುಕೊಂಡೇ ನಾನು ಈ ವಿದ್ಯೆಯ ಚರಿತ್ರೆಯನ್ನು ಕೆದಕಿದ್ದು. ಸಿ.ಡಿ.ಯ ಲೆಕ್ಕದಲ್ಲಿ ಒಂದು ನಿಮಿಷದ ಸಂಗೀತಕ್ಕೆ ಸುಮಾರು 10 ಎಂಬಿ ಜಾಗ ಬೇಕು. ಅದನ್ನು ಒಂದು ಎಂಬಿಗೆ ಇಳಿಸಿದವರು ಜರ್ಮನಿಯ ಎರ್ಲಾಂಗೆನ್ ಊರಿನ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರ್ಯಾಂಡೆನ್‌ಬುರ್ಗ್ ಮತ್ತು ಜೊತೆಗಾರರು. ಅವರ ಉಪಾಯ ಅಡುಗೆಮನೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಮಿಕ್ಸಿ ತಿರುಗುವಾಗ ಪಕ್ಕದ ಒಲೆಯ ಮೇಲೆ ಹಾಲು ಸುಂಯ್ ಎನ್ನುವುದು ಕೇಳಿಸುವುದಿಲ್ಲ, ಉಕ್ಕಿದ ಮೇಲೆಯೇ ಗೊತ್ತಾಗುವುದು. ಹಾಗೆಯೇ ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಬಿಟ್ಟುಬಿಡುವುದು.

ವಾದ್ಯಮೇಳದಲ್ಲಿ ಈ ಉಪಾಯ ನಡೆಯಿತು, ಸಿಕ್ಕಿಬಿದ್ದದ್ದು ಹೆಂಗಸಿನ ಒಂಟಿ ಧ್ವನಿಯಲ್ಲಿ. ಅಮೆರಿಕದ ಸೂಝನ್ ವೇಗಾ 1987ರ ಆಲ್ಬಮ್ಮಿನಲ್ಲಿ 'ಟಾಮ್ಸ್ ಡೈನರ್' ಎಂಬ ಹಾಡನ್ನು ಪಕ್ಕವಾದ್ಯವಿಲ್ಲದೆ ಹಾಡಿದ್ದಳು. ಅದನ್ನು ಹಿಂಡಿದಾಗ ಧ್ವನಿ ಕೆಟ್ಟು ಹೋಯಿತು. ಮರೆಮಾಚಲು ಬೇರೆ ಸದ್ದೇ ಇಲ್ಲವಲ್ಲ! ಬ್ರ್ಯಾಂಡೆನ್‌ಬುರ್ಗ್ ಆ ಹಾಡನ್ನೇ ಮತ್ತೆ ಮತ್ತೆ ಕೇಳುತ್ತಾ, ಆ ಕಂಠ ಸರಿಯಾಗುವವರೆಗೆ ತನ್ನ ಲೆಕ್ಕವನ್ನು ತಿದ್ದಿದ. ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಂಗಡಿಯ ಹುಡುಗನನ್ನು ಅರ್ಧ ಕ್ಷಮಿಸಿದೆ. 1995ರ ಜುಲೈ 14ರಂದು ಆ ಕಡತಗಳಿಗೆ ಎಂಪಿ3 ಎಂಬ ಬಾಲಂಗೋಚಿ ಗೊತ್ತಾಯಿತು.

ಕಿಸೆಯ ಯಂತ್ರ ಬಂದದ್ದು 1998ರಲ್ಲಿ. ಮೊದಲು ಕೊರಿಯಾದ ಎಂಪಿಮ್ಯಾನ್, ಅದರ ಬೆನ್ನಿಗೆ ಅಮೆರಿಕದಲ್ಲಿ ಡೈಮಂಡ್ ಕಂಪನಿಯ ರಿಯೋ. ರಿಯೋದೊಳಗೆ ಇದ್ದದ್ದು 32 ಎಂಬಿ. ಅಂದರೆ ನಮ್ಮ ಕ್ಯಾಸೆಟ್ಟಿನ ಒಂದೇ ಮಗ್ಗುಲು! ಅಷ್ಟಕ್ಕೇ ಅಲ್ಲಿನ ರೆಕಾರ್ಡ್ ಕಂಪನಿಗಳ ಸಂಘ ಕೋರ್ಟಿಗೆ ಹೋಯಿತು. 1999ರ ಜೂನಿನಲ್ಲಿ ಮೇಲ್ಮನವಿಯ ನ್ಯಾಯಾಲಯ ರಿಯೋದ ಪರವಾಗಿ ತೀರ್ಪು ಕೊಟ್ಟಿತು. ತನ್ನ ಕಂಪ್ಯೂಟರಿನಲ್ಲಿ ಆಗಲೇ ಇರುವ ಹಾಡನ್ನು ಓಡಾಡುವಾಗ ಕೇಳಲೆಂದು ಇನ್ನೊಂದು ಕಡೆಗೆ ಇಳಿಸಿಕೊಳ್ಳುವುದು ಅವರವರ ಸ್ವಂತ ಬಳಕೆ ಎಂಬುದು ಅದರ ತಾತ್ಪರ್ಯ. ನನ್ನ ಡಬ್ಬಿಯ ಉಪ್ಪಿನಕಾಯಿಯನ್ನು ನಾನು ಬುತ್ತಿಗೆ ಹಾಕಿಕೊಂಡರೆ ಯಾರಿಗೇನು ನಷ್ಟ, ಹೇಳಿ. 2001ರ ಅಕ್ಟೋಬರಿನಲ್ಲಿ ಆಪಲ್ ಕಂಪನಿಯ ಐಪಾಡ್ ಸಾವಿರ ಹಾಡು ತುಂಬುವ 5 ಜಿಬಿಯೊಂದಿಗೆ ಬಂತು, ಮೆರೆಯಿತು, 2022ರ ಮೇ ತಿಂಗಳಿನಲ್ಲಿ ತಯಾರಿಕೆಯೂ ನಿಂತಿತು.

ಹಿಂಡಿದ್ದರಲ್ಲಿ ಅಮ್ಮನ ಕಂಠ ಕೆಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಕ್ಯಾಸೆಟ್ಟನ್ನು ನಾನೇ ಇನ್ನೊಮ್ಮೆ ಇಳಿಸಿದೆ. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಹಿಂದಿನ ನೀಲಿ ತೂತಿಗೆ ಒಂದು ವೈರು. ಕಂಪ್ಯೂಟರಿನಲ್ಲಿ ದುಡ್ಡಿಲ್ಲದೆ ಸಿಗುವ ಆಡಾಸಿಟಿ ಎಂಬ ತಂತ್ರಾಂಶ. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಅರವತ್ತು ನಿಮಿಷದ ಟೇಪಿಗೆ ಅರವತ್ತು ನಿಮಿಷವೂ ಕೂರಬೇಕು. ಮಧ್ಯೆ ಎರಡು ಸಲ ಕರೆಂಟು ಹೋಗಿ ಮೊದಲಿನಿಂದ ಹಿಡಿಯಬೇಕಾಯಿತು. ಮೂರನೆಯ ಸಲ ಒಲೆ ಆರಿಸಿ, ಫೋನು ತೆಗೆದಿಟ್ಟು, ಬಾಗಿಲು ಹಾಕಿಕೊಂಡು ಕೂತೆ. ಪರದೆಯ ಮೇಲೆ ಅಮ್ಮನ ಉಸಿರು ಹುರಿಹಗ್ಗದ ಹಾಗೆ ಉಬ್ಬಿ ಇಳಿದು ಸಾಗುತ್ತಿತ್ತು. ಅಜ್ಜಿ ಮಾತಾಡಿದ ಕಡೆ ಅದು ಬರೀ ಸಣ್ಣ ನೂಲು. ಹುಡುಗ ಕತ್ತರಿಸಿದ್ದು ಆ ನೂಲನ್ನೇ.

ನಾನು ಏನನ್ನೂ ಕತ್ತರಿಸಲಿಲ್ಲ. ಎರಡು ಮಗ್ಗುಲು, ಎರಡು ಕಡತ, ಒಟ್ಟು 60 ಎಂಬಿ. ಹೆಸರು ಕನ್ನಡದಲ್ಲಿ ಕೊಟ್ಟರೆ ಪ್ಲೇಯರಿನ ಕಿಟಕಿಯಲ್ಲಿ ಬರೀ ಚೌಕಗಳು ಮೂಡುತ್ತಿದ್ದವು. ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ 'ಅಮ್ಮ 1', 'ಅಮ್ಮ 2' ಎಂದು ಬರೆದೆ.

ಆ ಪ್ಲೇಯರ್ ಕೆಟ್ಟು ಎಷ್ಟೋ ವರ್ಷವಾಯಿತು. ಕಡತಗಳು ಆಮೇಲೆ ನನ್ನ ಫೋನಿಗೆ ಬಂದವು, ಅಲ್ಲಿಂದ ಅಕ್ಕನ ಫೋನಿಗೂ ಹೋದವು. ಹೋದ ವರ್ಷ ಅವಳ ಮೊಮ್ಮಗಳ ಮದುವೆಯ ಹಿಂದಿನ ಸಂಜೆ ಅಡುಗೆಮನೆಯಲ್ಲಿ ಅದನ್ನು ಹಾಕಿಕೊಂಡು ನಾವಿಬ್ಬರೂ ಹಸೆಯ ಹಾಡನ್ನು ಕಲಿಯಲು ಕೂತೆವು. ಅಜ್ಜಿ ತಿದ್ದಿದ ಸಾಲಿಗೆ ಬಂದಾಗ ಅಕ್ಕ, "ನಿಲ್ಲಿಸು, ಅಲ್ಲಿಂದ ಇನ್ನೊಂದು ಸಲ ಹಾಕು" ಎಂದಳು.