ಸಾಕು ಎಂಬ ಎರಡಕ್ಷರ

ಉಣ್ಣಲು ಕೂತವನಿಗೆ ಬಡಿಸುವವರ ಕೈ ತಡೆಯಲು ಕನ್ನಡದಲ್ಲಿ ಎರಡು ಮಾತುಗಳಿವೆ. ಒಂದು ಬೇಡ, ಇನ್ನೊಂದು ಸಾಕು. ಎರಡಕ್ಕೂ ಸೌಟು ನಿಲ್ಲುತ್ತದೆ. ಆದರೆ ಎರಡೂ ಒಂದೇ ಅಲ್ಲವೆಂಬುದು ಬಡಿಸುವವರಿಗೆ ಚೆನ್ನಾಗಿ ಗೊತ್ತು. ಬೇಡ ಎನ್ನುವವನು ಎಲೆಗೆ ಅಗುಳು ಬೀಳುವ ಮೊದಲೇ ಹೇಳಿಬಿಡಬಹುದು. ಸಾಕು ಎನ್ನಬೇಕಾದರೆ ಏನಾದರೂ ಬಿದ್ದಿರಬೇಕು, ಉಂಡಿರಬೇಕು. ಅದಕ್ಕೇ ಬೇಡ ಎಂದರೆ ಅಡುಗೆ ಮಾಡಿದವರಿಗೆ ಬೇಸರ. ಸಾಕು ಎಂದರೆ ಖುಷಿಗೆ ಇನ್ನೊಂದು ಸೌಟು. ಪಡೆದುಕೊಂಡೆ ಎಂಬ ಒಪ್ಪಿಗೆ ಸಾಕು ಎಂಬ ಮಾತಿನ ಒಳಗೇ ಇದೆ. ಕನ್ನಡಿಗರು ಮನೆಯೊಳಗೆ ಧನ್ಯವಾದ ಹೇಳುವ ಪೈಕಿಯಲ್ಲ. ಅಮ್ಮನಿಗೆ ಥ್ಯಾಂಕ್ಸ್ ಎಂದರೆ ಇವನಿಗೇನಾಯಿತು ಎಂದು ಹಣೆ ಮುಟ್ಟಿ ನೋಡಿಯಾಳು. ಹೊಟ್ಟೆ ತುಂಬಿದವನು ಹೇಳಿದ ಒಂದು ಸಾಕು ಆ ಕೆಲಸವನ್ನೂ ಮಾಡಿ ಮುಗಿಸುತ್ತದೆ.

ಪದ ಸಾಲು ಎಂಬ ಕ್ರಿಯಾಪದದ ಬಳಗದ್ದು. ಸಾಲುತ್ತದೆ, ಸಾಲದು, ಸಾಲದೆ ಬಂತು ಎಲ್ಲ ಇದರ ನೆಂಟರು. ಜೋಡಿಯೆಂದರೆ ಬೇಕು. ಇವೆರಡಕ್ಕೂ ಲಿಂಗ, ವಚನ, ಪುರುಷಗಳ ಗೊಡವೆಯಿಲ್ಲ. ಎರಡೂ ಕೇಳುವುದು ಚತುರ್ಥಿಯನ್ನು. ನನಗೆ ಬೇಕು, ನನಗೆ ಸಾಕು. ಆ ವಾಕ್ಯಗಳಲ್ಲಿ ನಾನು ಏನನ್ನೂ ಮಾಡುತ್ತಿಲ್ಲ, ಬಂದದ್ದು ನನ್ನಲ್ಲಿಗೆ ಬರುತ್ತಿದೆ, ಅಷ್ಟೆ. ಕರಾವಳಿಯಲ್ಲಿ ತುಳುವರ ಯಾವು, ಕೊಂಕಣಿಯವರ ಪುರೊ ಇದೇ ಕೆಲಸಕ್ಕೆ ಇವೆ.

ಬೀದಿಗೆ ಬಂದರೆ ಪದದ ಮುಖ ಬದಲಾಗುತ್ತದೆ. ಸಾಕು ನಿಲ್ಸು ಎಂದರೆ ಸಿಟ್ಟು. ಸಾಕಾಗಿಹೋಗಿದೆ ಎಂದರೆ ದಣಿವು. ಸಾಕಪ್ಪಾ ಸಾಕು ಇವನ ಸಹವಾಸ ಎಂದರೆ ದೊಡ್ಡ ನಮಸ್ಕಾರ. ಒಂದರ ಮೇಲೊಂದು ಹೆಣ್ಣು ಹುಟ್ಟಿದ ಮನೆಯಲ್ಲಿ ಕೊನೆಯ ಕೂಸಿಗೆ ಸಾಕಮ್ಮ ಎಂದು ಹೆಸರಿಟ್ಟದ್ದೂ ಉಂಟು. ದೇವರಿಗೆ ಬರೆದ ತಕರಾರನ್ನು ಆ ಹುಡುಗಿ ಬದುಕಿಡೀ ಹೊತ್ತು ತಿರುಗಬೇಕು. ಸಾಕಷ್ಟು ಎಂಬ ರೂಪದ ಗತಿ ಇನ್ನೂ ವಿಚಿತ್ರ. ತಕ್ಕಷ್ಟು ಎಂಬ ಅಳತೆ ಅದರಲ್ಲಿತ್ತು. ಈಗ ಪತ್ರಿಕೆಯಲ್ಲಿ ಸಾಕಷ್ಟು ಜನ ಸೇರಿದ್ದರು ಎಂದರೆ ಕಾಲಿಡಲು ಜಾಗವಿರಲಿಲ್ಲ ಎಂದು ತಿಳಿಯಬೇಕು. ಬೇಕಾದಷ್ಟು ಎಂಬುದಕ್ಕೂ ಅದೇ ಆಯಿತು. ಸಾಕು ಎಂಬ ಅಳತೆಯೇ ನಮಗೆ ಸಾಲದೆ ಹೋದದ್ದನ್ನು ನುಡಿ ಗುಟ್ಟಾಗಿ ಬರೆದಿಟ್ಟುಕೊಂಡಿದೆ.

ಕನ್ನಡ ಕ್ರೈಸ್ತರ ಮನೆಗಳಲ್ಲಿ ಈ ಪದಕ್ಕೆ ಇನ್ನೊಂದು ಬಾಳುವೆ ಇದೆ. ನಡುಮನೆಯ ಗೋಡೆಯ ಮೇಲೆ, ಸಭೆಯ ಕ್ಯಾಲೆಂಡರಿನಲ್ಲಿ, ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೂ ಎತ್ತಿಕೊಳ್ಳುವ ವಾಗ್ದಾನದ ಚೀಟಿಯಲ್ಲಿ ಅದು ಕೃಪೆ ಎಂಬ ಪದದ ಜೊತೆ ಕಾಣಿಸಿಕೊಳ್ಳುತ್ತದೆ. ಮಾತು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ್ದು. ಅವನ ಮೈಯಲ್ಲೊಂದು ಮುಳ್ಳಿತ್ತು. ಅದು ಯಾವ ಬೇನೆಯೆಂದು ಅವನು ಬಿಡಿಸಿ ಹೇಳಿಲ್ಲ. ತೆಗೆದುಬಿಡು ಎಂದು ಕರ್ತನನ್ನು ಮೂರು ಸಲ ಬೇಡಿಕೊಂಡ. ಸಿಕ್ಕ ಉತ್ತರ, ಕೊಟ್ಟಿರುವ ಕೃಪೆಯೇ ನಿನಗೆ ಸಾಲುತ್ತದೆ ಎಂಬುದು. ಹೂಬಳ್ಳಿಯ ಚೌಕಟ್ಟಿನಲ್ಲಿ ಬಲು ಸಿಹಿಯಾಗಿ ಕಾಣುವ ಆ ಮಾತು, ಕೇಳಿದವನ ಕಿವಿಗೆ ಮೊದಲು ಬಿದ್ದಾಗ ನಿರಾಕರಣೆಯಾಗಿತ್ತು. ಮುಳ್ಳು ಇದ್ದಲ್ಲೇ ಇತ್ತು. ಮುಳ್ಳಿಗೆ ಸ್ತೋತ್ರ ಎಂದು ಪೌಲನಿಗೆ ಯಾರೂ ಹೇಳಿಕೊಡಲಿಲ್ಲ. ಮುಳ್ಳಿದ್ದೂ ಬದುಕು ಸಾಗಿಸಬಹುದೆಂಬುದಷ್ಟೇ ಅವನಿಗೆ ದಕ್ಕಿದ್ದು.

ಇದೇ ಪೌಲ ಸೆರೆಯಲ್ಲಿದ್ದಾಗ ಫಿಲಿಪ್ಪಿ ಪಟ್ಟಣದ ವಿಶ್ವಾಸಿಗಳಿಗೆ ಒಂದು ಪತ್ರ ಬರೆದ. ಎಪಫ್ರೊದೀತ ಎಂಬವನ ಕೈಯಲ್ಲಿ ಅವರು ಏನೋ ಸಹಾಯ ಕಳಿಸಿದ್ದರು. ಅದನ್ನು ನೆನೆಯುತ್ತ, ಯಾವ ಸ್ಥಿತಿಯಲ್ಲಿದ್ದರೂ ಸಂತುಷ್ಟನಾಗಿರಲು ಕಲಿತಿದ್ದೇನೆ ಎನ್ನುವ ಅರ್ಥದ ಮಾತು ಬರೆಯುತ್ತಾನೆ. ಅಲ್ಲಿ ಅವನು ಬಳಸಿದ ಗ್ರೀಕ್ ಪದ ಔತಾರ್ಕೆಸ್. ಸ್ಟೋಯಿಕ್ ದಾರ್ಶನಿಕರಿಗೆ ಬಲು ಪ್ರಿಯವಾದ ಪದ ಅದು. ನನಗೆ ನಾನೇ ಸಾಕು, ಹೊರಗಿನ ಯಾವುದರ ಹಂಗೂ ನನಗಿಲ್ಲ ಎಂಬ ನಿಲುವಿಗೆ ಅವರು ಇಟ್ಟ ಹೆಸರು. ಪೌಲ ಆ ಪದವನ್ನು ತಂದು, ಒಂದು ಸಹಾಯದ ಗಂಟಿಗೆ ರಸೀದಿ ಬರೆಯುವ ಜಾಗದಲ್ಲಿ ಇಟ್ಟ! ಹಂಗಿಲ್ಲ ಎನ್ನುವವರ ಪದ ಹಂಗನ್ನು ಒಪ್ಪಿಕೊಳ್ಳುವ ಪತ್ರದಲ್ಲಿ ಬಂದು ಕೂತಿತು. ತನಗೆ ಬಲ ಬರುವುದು ಇನ್ನೊಬ್ಬನಿಂದ ಎಂದು ಕೂಡಲೇ ಸೇರಿಸುತ್ತಾನೆ. ಹಸಿವು, ತುಂಬಿದ ಹೊಟ್ಟೆ ಎರಡೂ ತನಗೆ ಗೊತ್ತು ಎನ್ನುವುದನ್ನೂ ಮರೆಯುವುದಿಲ್ಲ. ಈ ಸಂತುಷ್ಟಿಗೆ ಸನ್ಯಾಸದ ಬೇಡ ಹೊಂದುವುದಿಲ್ಲ. ಕೊಟ್ಟವರ ಮುಖ ನೋಡಿ ಹೇಳುವ ಸಾಕು ಹೊಂದುತ್ತದೆ. ಇನ್ನೊಂದು ಪದವೂ ಅಲ್ಲಿ ಮುಖ್ಯ: ಕಲಿತಿದ್ದೇನೆ. ಪೌಲನಿಗೂ ಇದು ಹುಟ್ಟುಗುಣವಾಗಿ ಬಂದದ್ದಲ್ಲ.

ಆ ಗ್ರೀಕ್ ಪದದ ಒಡಲಲ್ಲಿರುವ ಕ್ರಿಯಾಪದ ಸುವಾರ್ತೆಗಳಲ್ಲೂ ಓಡಾಡುತ್ತದೆ. ಯೋಹಾನನ ಸುವಾರ್ತೆಯಲ್ಲಿ 5,000 ಗಂಡಸರ ಗುಂಪು ಹಸಿದು ಕೂತಿದೆ. ಶಿಷ್ಯ ಫಿಲಿಪ್ಪ ಲೆಕ್ಕ ಹಾಕುತ್ತಾನೆ. 200 ದಿನಾರಿಗಳಿಗೆ ರೊಟ್ಟಿ ತಂದರೂ ತಲೆಗೊಂದು ಚೂರಿಗೆ ಸಾಲದು. ಒಂದು ದಿನಾರಿ ಆಗ ಕೂಲಿಯಾಳಿನ ಒಂದು ದಿನದ ದುಡಿಮೆ. ಅವನ ಲೆಕ್ಕದಲ್ಲಿ ತಪ್ಪೇನಿಲ್ಲ. ಮುಂದೆ ಆದದ್ದು ಎಲ್ಲರಿಗೂ ಗೊತ್ತು: ಒಬ್ಬ ಹುಡುಗನ ಬಳಿ ಐದು ಜವೆಗೋಧಿ ರೊಟ್ಟಿ, ಎರಡು ಮೀನು, ಕೊನೆಗೆ 12 ಪುಟ್ಟಿ ಮಿಕ್ಕದ್ದು. ಕತೆ ಕೇಳುವಾಗ ಪುಟ್ಟಿಗಳ ಮೇಲೆ ಕಣ್ಣು ಹೋಗಿ, ನಡುವಿನ ಒಂದು ಸಣ್ಣ ಸಂಗತಿ ತಪ್ಪಿಹೋಗುತ್ತದೆ. ಯೇಸು ಸ್ತೋತ್ರ ಮಾಡಿದ್ದು ಐದೇ ರೊಟ್ಟಿ ಇದ್ದಾಗ. ಎಲ್ಲ ಉಂಡು, ಮಿಕ್ಕದ್ದನ್ನು ಪುಟ್ಟಿಗೆ ತುಂಬಿದ ಮೇಲಲ್ಲ. 200 ದಿನಾರಿಗಳ ರೊಟ್ಟಿಯೂ ಸಾಲದು ಎಂದು ಶಿಷ್ಯ ಲೆಕ್ಕ ಕೊಟ್ಟಲ್ಲಿ, ಐದು ರೊಟ್ಟಿಗೇ ಗುರು ಸ್ತೋತ್ರ ಹೇಳಿದ. ಕೃತಜ್ಞತೆ ಫಲಿತಾಂಶಕ್ಕಾಗಿ ಕಾದು ನಿಲ್ಲಲಿಲ್ಲ.

ನಾವಾದರೋ ಕಾದು ನಿಲ್ಲುವವರು. ಭಾನುವಾರದ ಆರಾಧನೆಯಲ್ಲಿ ಕೃತಜ್ಞತಾ ಕಾಣಿಕೆಯ ಕವರುಗಳನ್ನು ಅಯ್ಯನವರು ಓದುವುದನ್ನು ಕೇಳಬೇಕು. ಮಗಳಿಗೆ ಕೆಲಸ ಸಿಕ್ಕಿದ್ದಕ್ಕೆ, ತಾಯಿಯ ಕಣ್ಣಿನ ಪೊರೆಯ ಆಪರೇಷನ್ ಸುಸೂತ್ರ ಆದದ್ದಕ್ಕೆ, ಬೋರ್‌ವೆಲ್‌ನಲ್ಲಿ ನೀರು ಬಂದದ್ದಕ್ಕೆ, ಮದುವೆಯಾಗಿ 25 ವರ್ಷ ತುಂಬಿದ್ದಕ್ಕೆ. ಒಂದೊಂದು ಕವರೂ ಒಂದೊಂದು ಮನೆಯ ಸುದ್ದಿ. ಆದರೆ ಏನೂ ಆಗದ ವಾರಕ್ಕೆ ಕವರು ಹಾಕುವವರು ಅಪರೂಪ. ಹಾಲಿನವನು ಹೊತ್ತಿಗೆ ಸರಿಯಾಗಿ ಬಂದ, ಬಸ್ಸಿನಲ್ಲಿ ಸೀಟು ಸಿಕ್ಕಿತು, ಸಾರಿಗೆ ಉಪ್ಪು ಹದವಾಗಿತ್ತು, ಯಾರಿಗೂ ಜ್ವರ ಬರಲಿಲ್ಲ: ಇದನ್ನು ಯಾವ ಕವರಿನ ಮೇಲೆ ಬರೆಯುವುದು? ನಮ್ಮ ಆಯುಷ್ಯದ ಬಹುಪಾಲು ಇಂಥ ವಾರಗಳೇ. ಸ್ತೋತ್ರ ಎಂಬ ಪದ ವಿಶೇಷಕ್ಕೆ ಒದಗಿದರೆ, ಸಾಕು ಎಂಬ ಪದ ವಿಶೇಷವಿಲ್ಲದ್ದಕ್ಕೆ ಒದಗುತ್ತದೆ. ಅನುದಿನದ ಆಹಾರವನ್ನು ಕೇಳುವ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಕೊಂಡವರಿಗೆ ಇದು ಹೊಸದೇನಲ್ಲ. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೊರೆತ ಮನ್ನವನ್ನೂ ನೆನೆಯಬಹುದು. ಆ ಹೊತ್ತಿನದು ಆ ಹೊತ್ತಿಗೆ. ನಾಳೆಗಿರಲಿ ಎಂದು ಎತ್ತಿಟ್ಟವರ ಪಾತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳ. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ ಪಾಲು ಕೂಡಿಸಲು ಅಪ್ಪಣೆಯಿತ್ತು.

ಮಂಗಳೂರು ಸೀಮೆಯ ಕೊಂಕಣಿ ಕ್ರೈಸ್ತರು ಸೆಪ್ಟೆಂಬರ್ 8ರಂದು ಮಾಡುವ ಮೊಂತಿ ಹಬ್ಬದಲ್ಲಿ ಈ ಲೆಕ್ಕ ಕಣ್ಣಿಗೆ ಕಾಣುತ್ತದೆ. ಮಾತೆ ಮರಿಯಮ್ಮನ ಹುಟ್ಟುಹಬ್ಬ ಅದು; ತೆನೆ ಹಬ್ಬವೂ ಹೌದು. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು ಪಾಯಸಕ್ಕೋ ತೆಂಗಿನ ಹಾಲಿಗೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಒಬ್ಬೊಬ್ಬರ ಪಾಲಿಗೆ ಬರುವುದು ನಾಲ್ಕಾರು ಕಾಳು. ಅಷ್ಟಕ್ಕೇ ಅದು ಹೊಸತಿನ ಊಟ. ಇದೇ ಜನ ಉಪಕಾರ ಮಾಡಿದವರಿಗೆ ದೇವ್ ಬರೆಂ ಕರುಂ ಎನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ ಎಂದು. ನಮ್ಮ ಹಳ್ಳಿಯ ಅಜ್ಜಿಯರ ನಿನ್ನ ಹೊಟ್ಟೆ ತಣ್ಣಗಿರಲಿ ಎಂಬ ಹರಕೆಗೂ ಇದಕ್ಕೂ ದೂರವಿಲ್ಲ. ಇತ್ತ ಸಿಎಸ್‌ಐ ಸಭೆಗಳ ಸುಗ್ಗಿ ಹಬ್ಬದ ಗದ್ದಲವೇ ಬೇರೆ. ಕಾಣಿಕೆಯಾಗಿ ಬಂದ ಕುಂಬಳಕಾಯಿ, ಕೋಳಿ, ಬಾಳೆಗೊನೆಗಳ ಹರಾಜು ನಡೆಯುತ್ತದೆ. ಸಂತೆಯ ಬೆಲೆಗೆ ಅಲ್ಲಿ ಬೆಲೆಯಿಲ್ಲ. ಕೂಗಿ ಕೊಂಡವರೇ ಅದನ್ನು ಮತ್ತೆ ಹರಾಜಿಗೆ ಬಿಟ್ಟರೂ ಆಶ್ಚರ್ಯವಿಲ್ಲ. ಆ ಉತ್ಸಾಹದಲ್ಲಿ ಸಭೆಯ ಕಡೆಯಿಂದ ಸಾಕು ಎಂಬ ಮಾತು ಬಂದೀತೆಂದು ಯಾರೂ ನಿರೀಕ್ಷಿಸುವುದಿಲ್ಲ. ಬೈಬಲಿನಲ್ಲಿ ಒಮ್ಮೆ ಬಂದಿದೆ. ದೇವದರ್ಶನದ ಗುಡಾರ ಕಟ್ಟುವಾಗ ಜನ ತಂದು ಸುರಿದದ್ದು ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚಾಯಿತೆಂದು ಕುಶಲಕರ್ಮಿಗಳು ಬಂದು ದೂರುತ್ತಾರೆ. ಇನ್ನು ತರಬೇಡಿ ಎಂದು ಮೋಶೆ ಪಾಳೆಯದಲ್ಲೆಲ್ಲ ಸಾರಿಸುತ್ತಾನೆ. ಕಾಣಿಕೆ ಸಾಕು ಎಂದ ಆ ಅಧ್ಯಾಯದ ಮೇಲೆ ಪ್ರಸಂಗ ಕೇಳಿಬರುವುದು ಕಡಿಮೆ.

ಇಷ್ಟೆಲ್ಲ ಹೊಗಳಿದ ಮೇಲೆ ಈ ಪದದ ದುರುಪಯೋಗವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎನ್ನುವ ಹಕ್ಕು ನನಗಿದೆ. ಪಕ್ಕದವನ ಎಲೆಯ ಮೇಲೆ ಕೈ ಇಟ್ಟು ನಿನಗೆ ಸಾಕು ಎನ್ನುವ ಹಕ್ಕಿಲ್ಲ. ಕೂಲಿ ಹೆಚ್ಚಿಸಿ ಎಂದ ಕೆಲಸದವಳಿಗೆ, ಹೊಡೆಯುವ ಗಂಡನ ಬಗ್ಗೆ ಬಾಯಿಬಿಟ್ಟ ಹೆಂಗಸಿಗೆ, ಇರುವುದಕ್ಕೆ ಸ್ತೋತ್ರ ಹೇಳಮ್ಮ ಎಂದು ಬುದ್ಧಿ ಹೇಳುವ ಭಕ್ತರನ್ನು ಯಾವ ಊರಿನಲ್ಲಾದರೂ ಕಾಣಬಹುದು. ಅಂಥವರು ಎಲೀಯನ ಕತೆಯನ್ನು ಇನ್ನೊಮ್ಮೆ ಓದಬೇಕು. ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿದ ಪ್ರವಾದಿ ಗಿಡವೊಂದರ ಕೆಳಗೆ ಕೂತು, ಸಾಕಾಯಿತು, ಪ್ರಾಣ ತೆಗೆದುಕೋ ಎಂದ. ದೇವರು ಅವನಿಗೆ ಕೃತಜ್ಞತೆಯ ಪಾಠ ಹೇಳಲಿಲ್ಲ. ನಿದ್ದೆ ಮಾಡಲು ಬಿಟ್ಟ. ದೂತ ಬಂದು ತಟ್ಟಿ ಎಬ್ಬಿಸಿದಾಗ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ಉಂಡು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಉಣ್ಣಿಸಲಾಯಿತು. ಮಾತು ಆಮೇಲೆ.

ಹಾಗಾದರೆ ಇದ್ದದ್ದರಲ್ಲಿ ತೃಪ್ತರಾಗಿರಿ ಎಂದು ಇನ್ನೊಬ್ಬರಿಗೆ ನೇರವಾಗಿ ಹೇಳಿದವರೇ ಇಲ್ಲವೆ? ಇದ್ದಾರೆ. ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಸ್ನಾನಿಕ ಯೋಹಾನ ಹೇಳುತ್ತಾನೆ. ಅವನು ಹೇಳಿದ್ದು ಬಡವರಿಗಲ್ಲ, ಸಿಪಾಯಿಗಳಿಗೆ. ಯಾರನ್ನೂ ಹೆದರಿಸಿ ಸುಲಿಯಬೇಡಿ, ಸುಳ್ಳು ದೂರು ಹೊರಿಸಬೇಡಿ, ಸಂಬಳ ನಿಮಗೆ ಸಾಕು ಎಂಬುದು ಅವನ ಮಾತಿನ ಸಾರ. ಪೌಲನ ಮುಳ್ಳಿಗೆ ಸಿಕ್ಕ ಉತ್ತರದಲ್ಲಿದ್ದ ಕ್ರಿಯಾಪದವೇ ಇಲ್ಲೂ ಇದೆ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಎತ್ತಬೇಡಿ ಎಂದ. ಸಂತುಷ್ಟಿಯ ಪಾಠ ಇಲ್ಲಿ ಲಾಠಿ ಹಿಡಿದ ಕೈಗೆ, ರಸೀದಿ ಹರಿಯುವ ಕೈಗೆ ಸಿಕ್ಕಿತು. ನಮ್ಮ ಕಚೇರಿಗಳ ಗೋಡೆಗೆ ವಾಕ್ಯ ಬರೆಸುವವರು ಇದನ್ನು ಆರಿಸಿದ್ದನ್ನು ನಾನು ಕಂಡಿಲ್ಲ. ನಾವೇನು ಮಾಡಬೇಕು ಎಂದು ಕೇಳಿದ ಉಳಿದ ಗುಂಪಿಗೆ ಅವನು ಕೊಟ್ಟದ್ದು ಇನ್ನೂ ಸರಳ ಲೆಕ್ಕ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ.

ಕನ್ನಡದ ಸಾಕು ಎಂಬುದಕ್ಕೆ ಇನ್ನೊಂದು ಅರ್ಥವೂ ಇರುವುದು ಇಲ್ಲಿ ನೆನಪಾಗುತ್ತದೆ. ಸಾಕು ಎಂದರೆ ಪೊರೆ, ಸಲಹು. ಸಾಕುತಾಯಿ, ಸಾಕುಮಗ, ಸಾಕಿದ ಹಸು. ಬಿತ್ತದ, ಕೊಯ್ಯದ, ಕಣಜ ತುಂಬದ ಹಕ್ಕಿಗಳನ್ನು ಸಾಕುವ ತಂದೆಯೊಬ್ಬನಿದ್ದಾನೆ ಎಂದು ನಂಬಿದವನಿಗೆ ಮೊದಲನೆಯ ಸಾಕು ಹೇಳಲು ಧೈರ್ಯ ಬರುತ್ತದೆ. ಆ ಧೈರ್ಯ ದಿಟವೋ ಬರಿಯ ಬಾಯಿಮಾತೋ ಎಂಬುದು ತಿಳಿಯುವುದು ಅವನ ಎರಡನೆಯ ಅಂಗಿ ಯಾರ ಮೈಮೇಲಿದೆ ಎಂಬುದರಿಂದ. ಎಷ್ಟಿದ್ದರೂ ಸಾಲದು ಎನ್ನುವವನ ಮನೆಯಲ್ಲಿ ಇನ್ನೊಬ್ಬರ ಮಗುವಿಗೆ ಒಂದು ತಟ್ಟೆ ಹೆಚ್ಚಿಗೆ ಹಾಕಲು ಎಂದೂ ಜಾಗವಾಗುವುದಿಲ್ಲ. ತನಗೆ ಸಾಕು ಎಂದವನೇ ಇನ್ನೊಬ್ಬರನ್ನು ಸಾಕಬಲ್ಲ.